ರೊಪ್ಪದ ಬಾಯಲ್ಲಿ ಬಿಚ್ಚುವ ಪಟ್ಟಿ

ನಾಯಿಯ ಕೊರಳು ನೋಡಿ ಅದನ್ನು ಸಾಕಿದವನ ಯೋಗ್ಯತೆ ಹೇಳುತ್ತಿದ್ದಳು ಓಬಕ್ಕ. ಬಿ.ಜಿ. ಕೆರೆಯಿಂದ ಮೊಳಕಾಲ್ಮುರಿಗೆ ಹೋಗುವ ಬಂಡಿದಾರಿ ಬಿಟ್ಟು, ಕುರಿಗಳೇ ತುಳಿದು ಮಾಡಿದ ಕಾಲುದಾರಿ ಹಿಡಿದು ಅರ್ಧ ಹರದಾರಿ ನಡೆದರೆ ಅವಳ ಹಟ್ಟಿ. ಹದಿನೆಂಟು ಗುಡಿಸಲು, ಸುತ್ತ ಜಾಲಿ ಮುಳ್ಳಿನ ಬೇಲಿ, ನಟ್ಟನಡುವೆ ಇಡೀ ಹಟ್ಟಿಯ ಕುರಿಗಳನ್ನು ಕೂಡುವ ರೊಪ್ಪ. ಯಾರಾದರೂ ನಾಯಿ ಹಿಡಿದುಕೊಂಡು ಬಂದರೆ ಓಬಕ್ಕ ಮೊದಲು ಮನುಷ್ಯನನ್ನು ಮಾತಾಡಿಸುತ್ತಿರಲಿಲ್ಲ. ನಾಯಿಯ ಮುಂದೆ ಕುಕ್ಕರುಗಾಲಲ್ಲಿ ಕೂತು, ಹಗ್ಗಕ್ಕೂ ಕೊರಳಿಗೂ ನಡುವೆ ಎರಡು ಬೆರಳು ತೂರಿಸುತ್ತಿದ್ದಳು. ಬೆರಳು ಸಲೀಸಾಗಿ ಹೋದರೆ ಬಂದವನಿಗೆ ಮಜ್ಜಿಗೆ. ಹೋಗದಿದ್ದರೆ ಅವನ ಮೂರು ತಲೆಮಾರಿಗೆ ಮಂಗಳಾರತಿ. ಮಂಗಳಾರತಿ ಮುಗಿದ ಮೇಲೆ ಅವನಿಗೂ ಮಜ್ಜಿಗೆ ಕೊಡುತ್ತಿದ್ದಳು ಅನ್ನಿ.

ಇದು ಪ್ಲೇಗು ಬಂದು ಊರೂರನ್ನೇ ಗುಡಿಸಿಕೊಂಡು ಹೋಗಿ ಹತ್ತು ಹನ್ನೆರಡು ವರ್ಷವಾದ ಮೇಲಿನ ಮಾತು. ಚಳ್ಳಕೆರೆಗೆ ಆಗಿನ್ನೂ ರೈಲು ಬಂದಿರಲಿಲ್ಲ. ಗುಡ್ಡಗಳಲ್ಲಿ ತೋಳಗಳು ಧಾರಾಳವಾಗಿದ್ದವು. ಕುರಿ ಸಾಕುವವರಿಗೆ ನಾಯಿ ಅಂದರೆ ಅಂಗಳದ ಅಲಂಕಾರವಲ್ಲ, ಮನೆಯಲ್ಲಿ ದುಡಿಯುವ ಒಂದು ಆಳು. ತೋಳ ಬಂದರೆ ಮೊದಲು ಆ ಆಳಿನ ಕೊರಳಿಗೇ ಬಾಯಿ ಹಾಕುತ್ತಿತ್ತು. ಆದ್ದರಿಂದ ಕೊರಳಿಗೊಂದು ಪಟ್ಟಿ ಬೇಕು. ಸುತ್ತಲ ಹಟ್ಟಿಗಳಲ್ಲಿ ಆ ಪಟ್ಟಿ ಮಾಡುವುದರಲ್ಲಿ ಓಬಕ್ಕನನ್ನು ಮೀರಿಸುವವರು ಇರಲಿಲ್ಲ. ಈ ಮಾತನ್ನು ಬೇರೆಯವರು ಹೇಳಲಿ ಎಂದು ಅವಳು ಕಾಯುತ್ತಲೂ ಇರಲಿಲ್ಲ, ತಾನೇ ಹೇಳಿಕೊಳ್ಳುತ್ತಿದ್ದಳು.

ಅವಳಿಗೆ ಈ ಹುಚ್ಚು ಹತ್ತಿದ್ದು ತವರಿನಲ್ಲಿ. ನಾಯಕನಹಟ್ಟಿ ಕಡೆಯ ಒಂದು ಹಟ್ಟಿ. ಅಪ್ಪ ಚಿತ್ತಯ್ಯ ಒಂದು ಹೆಣ್ಣು ನಾಯಿಮರಿ ತಂದು, ಕೊರಳಿಗೆ ಕತ್ತಾಳೆ ಹುರಿ ಕಟ್ಟಿ ಕಂಬಕ್ಕೆ ಬಿಗಿದಿದ್ದ. ಆಮೇಲೆ ಕಂಬದಿಂದ ಬಿಚ್ಚಿದರೂ ಕೊರಳಿನ ಹುರಿ ಹಾಗೇ ಉಳಿಯಿತು. ಮರಿ ಬೆಳೆಯಿತು, ಹುರಿ ಬೆಳೆಯಲಿಲ್ಲ. ಮಳೆಗಾಲ ಕಳೆಯುವ ಹೊತ್ತಿಗೆ ಮರಿ ಅನ್ನ ಬಿಟ್ಟು ಮೂಲೆ ಸೇರಿತು, ಹತ್ತಿರ ಹೋದರೆ ಕೆಟ್ಟ ವಾಸನೆ. ಹತ್ತು ವರ್ಷದ ಓಬಕ್ಕ ಕೊರಳಿನ ಕೂದಲು ಸರಿಸಿ ನೋಡಿದಾಗ ಹುರಿ ಕಾಣಲೇ ಇಲ್ಲ, ಅದು ಮಾಂಸದೊಳಗೆ ಇಳಿದಿತ್ತು. ಅಪ್ಪ ಕುರಿ ಉಣ್ಣೆ ಕತ್ತರಿಸುವ ಕತ್ತರಿಯ ತುದಿಯಿಂದ ಅದನ್ನು ಎಬ್ಬಿಸಿ ಕತ್ತರಿಸುವಾಗ ಮರಿಯ ತಲೆ ಹಿಡಿದುಕೊಂಡವಳು ಅವಳೇ. ಮರಿ ಅವಳನ್ನು ಕಚ್ಚಲಿಲ್ಲ. ಅಷ್ಟು ನೋವಿನಲ್ಲೂ ಅವಳ ಮುಂಗೈ ನೆಕ್ಕಿತು. ಕಚ್ಚಿದ್ದರೆ ಅತ್ತು ಮರೆತುಬಿಡುತ್ತಿದ್ದಳೋ ಏನೋ, ನೆಕ್ಕಿದ್ದನ್ನು ಮಾತ್ರ ಸಾಯುವವರೆಗೂ ಮರೆಯಲಿಲ್ಲ.

ಹೊಂಗೆ ಎಣ್ಣೆ, ಅರಿಶಿನ ಹಚ್ಚಿ ಹಚ್ಚಿ ಮರಿ ಉಳಿಯಿತು. ಕೊರಳ ಸುತ್ತ ಕೂದಲಿಲ್ಲದ ಒಂದು ಬಳೆ ಉಳಿದೇಹೋಯಿತು. ಅದನ್ನು ಮುಚ್ಚಲೆಂದು ಹುಡುಗಿ ಅವ್ವನ ಕದಿರು ಕದ್ದು, ಎಳೆ ಕುರಿಮರಿಗಳ ಮೊದಲ ಉಣ್ಣೆ ಹೊಸೆದು, ಮೂರು ಎಳೆ ಹೆಣೆದು ಮೆತ್ತನೆಯ ಒಂದು ಪಟ್ಟಿ ಮಾಡಿದಳು. ಅದೇ ಅವಳ ಮೊದಲ ಪಟ್ಟಿ. ವಕ್ರವಕ್ರವಾಗಿತ್ತಂತೆ. ಅವ್ವ ಕದಿರು ಕದ್ದದ್ದಕ್ಕೆ ಎರಡು ಬಿಟ್ಟು, ಹೆಣಿಗೆ ಹೇಗೆ ಬಿಗಿಯಬೇಕೆಂದು ಹೇಳಿಕೊಟ್ಟಳು.

ಬೊಮ್ಮಣ್ಣನನ್ನು ಮದುವೆಯಾಗಿ ಈ ಹಟ್ಟಿಗೆ ಬಂದು, ಎರಡು ಹೆಣ್ಣುಮಕ್ಕಳನ್ನು ಹೆತ್ತು ಬೆಳೆಸಿ, ಅವರನ್ನೂ ಗಂಡನ ಮನೆಗೆ ಕಳಿಸುವಷ್ಟರಲ್ಲಿ ಓಬಕ್ಕನಿಗೆ ಈ ವಿದ್ಯೆಯಲ್ಲಿ ತನ್ನದೇ ಒಂದು ಶಾಸ್ತ್ರ ಬೆಳೆದಿತ್ತು. ಎಳೆ ಮರಿಗೆ ಅವಳು ಕೊರಳಿಗೆ ಹಗ್ಗ ಹಾಕುತ್ತಲೇ ಇರಲಿಲ್ಲ. ಹಳೆ ಕಂಬಳಿಯ ಅಂಚು ಕತ್ತರಿಸಿ ಎದೆಪಟ್ಟಿ ಹೊಲಿಯುತ್ತಿದ್ದಳು. ಎದೆಯ ಮುಂದೊಂದು ಸುತ್ತು, ಮುಂಗಾಲುಗಳ ಹಿಂದೊಂದು ಸುತ್ತು, ಬೆನ್ನ ಮೇಲೆ ಗಂಟು, ಗಂಟಿಗೆ ಉದ್ದದ ಹಗ್ಗ. ಕೊರಳು ಹಿಡಿದು ಎಳೆದರೆ ಮರಿಗೆ ಉಸಿರು ಕಟ್ಟಿ ಹೆದರಿಕೆ ಕಲಿಯುತ್ತದೆ, ಬುದ್ಧಿ ಕಲಿಯುವುದಿಲ್ಲ ಎಂಬುದು ಅವಳ ವಾದ. ಕುರಿ ಅಟ್ಟಾಡಿಸುವ ಚಾಳಿ ಇದ್ದ ಮರಿಗೆ ಬೇರೆಯವರು ಕೊರಳಿಗೆ ಕಟ್ಟಿಗೆ ತುಂಡು ತೂಗುಹಾಕುತ್ತಿದ್ದರು, ಓಡಿದರೆ ಮೊಣಕಾಲಿಗೆ ಬಡಿಯಲಿ ಎಂದು. ಓಬಕ್ಕ ಹಾಗಲ್ಲ. ಎದೆಪಟ್ಟಿಯ ಹಗ್ಗ ಹಿಡಿದು ಕುರಿಗಳ ನಡುವೆ ಹೋಗಿ, ಹಗ್ಗದ ತುದಿಯ ಮೇಲೆ ತಾನೇ ಕೂತುಬಿಡುತ್ತಿದ್ದಳು. ಕೂತು ಕದಿರು ತಿರುಗಿಸುತ್ತಿದ್ದಳು. ಮರಿ ಎಳೆದಾಡಿ, ಕುಣಿದಾಡಿ, ಕೊನೆಗೆ ಈದ ಕುರಿಯೊಂದರಿಂದ ಒಂದು ಗುದ್ದು ತಿಂದು ಅವಳ ಮಗ್ಗುಲಿಗೆ ಬಂದು ಮಲಗುತ್ತಿತ್ತು. ಇವಳು ಅಷ್ಟು ಹೊತ್ತು ಒಂದು ಮಾತೂ ಆಡುತ್ತಿರಲಿಲ್ಲ. ನಾಯಿಯ ಎದುರು ಇಷ್ಟು ತಾಳ್ಮೆ ಇರುವವಳು ನನ್ನ ಎದುರು ಯಾಕಿಲ್ಲ ಎಂದು ಬೊಮ್ಮಣ್ಣ ಕೇಳುತ್ತಿದ್ದ. ನಿನಗೆ ಎದೆಪಟ್ಟಿ ಹಾಕಿಲ್ಲವಲ್ಲ ಎಂದು ಅವಳು ಹೇಳುತ್ತಿದ್ದಳು.

ಬೆಳೆದ ನಾಯಿಗೆ ಮೊಳೆಪಟ್ಟಿ. ಮೇಕೆ ಕೂದಲನ್ನು ಬಿಗಿಯಾಗಿ ಹೊಸೆದು ನಾಲ್ಕು ಬೆರಳು ಅಗಲ ಹೆಣೆದು, ಬಿ.ಜಿ. ಕೆರೆಯ ಕಮ್ಮಾರನಿಂದ ಹೊಡೆಸಿದ ಮೊಳೆಗಳನ್ನು ಒಳಗಿನಿಂದ ಹೊರಕ್ಕೆ ತೂರಿಸಿ, ಮೊಳೆಯ ತಲೆ ಕೊರಳಿಗೆ ಒತ್ತದ ಹಾಗೆ ಒಳಗಡೆ ಕಂಬಳಿಯ ಎರಡು ಪದರ ಹೊಲಿಯುತ್ತಿದ್ದಳು. ಮಳೆಯಲ್ಲಿ ನೆನೆದ ಪಟ್ಟಿಯನ್ನು ಸಡಿಲಿಸಬೇಕು, ವಾರಕ್ಕೊಮ್ಮೆ ಬಿಚ್ಚಿ ಕಿವಿಯ ಹಿಂದೆ ಕೂದಲು ಸವೆದಿದೆಯೇ ನೋಡಬೇಕು, ಉಣ್ಣಿ ಹೆಕ್ಕಬೇಕು. ಪಟ್ಟಿ ಒಯ್ಯಲು ಬಂದವರು ಇಷ್ಟನ್ನೂ ಕೂತು ಕೇಳಲೇಬೇಕಿತ್ತು. ಕೇಳದೆ ಎದ್ದವನಿಗೆ ಪಟ್ಟಿ ಸಿಗುತ್ತಿರಲಿಲ್ಲ. ವಿದ್ಯೆಯ ಜೊತೆ ಒಂದಿಷ್ಟು ಜಂಬವೂ ಇತ್ತು ಎಂದು ಹೇಳದೆ ಇದ್ದರೆ ಓಬಕ್ಕನ ಬಗ್ಗೆ ನಿಜ ಹೇಳಿದಂತಾಗುವುದಿಲ್ಲ.

ಇವಳ ಪಟ್ಟಿಗಳು ಉಣ್ಣೆಯವು, ಕೂದಲಿನವು ಆಗಿರಲು ಇನ್ನೊಂದು ಕಾರಣವಿತ್ತು. ಆ ಹಟ್ಟಿಯ ರೊಪ್ಪದೊಳಗೆ ಚರ್ಮ ಹೋಗಕೂಡದು. ದೇವರಿಗೆ ಬಿಟ್ಟ ಕುರಿಗಳೂ ಅದೇ ರೊಪ್ಪದಲ್ಲಿ ಮಲಗುತ್ತಿದ್ದವು, ಹಾಗಾಗಿ ಅದು ಅವರಿಗೆ ಗುಡಿಯಷ್ಟೇ ಶುದ್ಧ. ರೊಪ್ಪದ ಬಾಯಲ್ಲಿ ಒಂದು ಒಣಗಿದ ತುಗ್ಗಲಿ ಮರದ ಮೋಟು ಇತ್ತು. ಒಳಗೆ ಹೋಗುವವರು ಯಾರೇ ಆಗಲಿ, ಚರ್ಮದ ಮೆಟ್ಟು ಬಿಚ್ಚಿ ಆ ಮೋಟಿನ ಬುಡದಲ್ಲಿ ಇಟ್ಟು ಹೋಗಬೇಕು. ಹುಟ್ಟಿದ ಮಗುವಿನಿಂದ ಹಿಡಿದು ಹಟ್ಟಿಯ ಯಜಮಾನ ದೊಡ್ಡಪಾಲಯ್ಯನವರೆಗೆ ಈ ಕಟ್ಟು ಎಲ್ಲರಿಗೂ ಒಂದೇ. ದೊಡ್ಡಪಾಲಯ್ಯ ಬೊಮ್ಮಣ್ಣನ ದೊಡ್ಡಪ್ಪ, ಓಬಕ್ಕನಿಗೆ ಮಾವನಾಗಬೇಕು. ಕಟ್ಟುಕಟ್ಟಳೆಯಲ್ಲಿ ಕೂದಲೆಳೆಯಷ್ಟೂ ಆಚೀಚೆ ಆಗಲು ಬಿಡದ ಮನುಷ್ಯ.

ಇನ್ನು ಬೂದ. ಅವನ ತಾಯಿಯನ್ನು ತೋಳ ಕೊಂದಾಗ ಅವನಿಗೆ ಕಣ್ಣು ಬಿಟ್ಟು ನಾಲ್ಕು ದಿನ. ಆ ತಾಯಿನಾಯಿಗೆ ಮರಿ ಹಾಕುವ ಹೊತ್ತಿನಲ್ಲಿ ಭಾರ ಬೇಡವೆಂದು ಓಬಕ್ಕನೇ ಮೊಳೆಪಟ್ಟಿ ಬಿಚ್ಚಿಟ್ಟಿದ್ದಳು, ಅದು ಅವಳ ಎದೆಯಲ್ಲಿ ಮುಳ್ಳಾಗಿ ಉಳಿದಿತ್ತು. ಬೂದಿ ಬಣ್ಣದ ಆ ಒಂದೇ ಮರಿಯನ್ನು ಮಡಿಲಲ್ಲಿಟ್ಟುಕೊಂಡು, ಅರಳೆಯ ಬತ್ತಿ ಮೇಕೆ ಹಾಲಿನಲ್ಲಿ ಅದ್ದಿ ಅದ್ದಿ ಕುಡಿಸಿ ಬೆಳೆಸಿದಳು. ಮಕ್ಕಳನ್ನು ಕಳಿಸಿಕೊಟ್ಟು ಖಾಲಿಯಾಗಿದ್ದ ಗುಡಿಸಲಲ್ಲಿ ಬೂದ ಓಡಾಡಿದ. ತನ್ನ ಎಲ್ಲ ಶಾಸ್ತ್ರವನ್ನೂ ಅವಳು ಬೇಜಾರಿಲ್ಲದೆ ಕಲಿಸಿದಳು, ಅವನು ಬೇಜಾರಿಲ್ಲದೆ ಕಲಿತ. ಎರಡು ವರ್ಷಕ್ಕೆ ಸೊಂಟದೆತ್ತರ ನಿಂತ. ಅಂಥ ನಾಯಿ ಆ ಸೀಮೆಯಲ್ಲಿ ಇನ್ನೊಂದಿರಲಿಲ್ಲ ಎಂದು ಅವಳು ಹೇಳುತ್ತಿದ್ದಳು, ಈ ಸಲ ಊರವರೂ ಒಪ್ಪುತ್ತಿದ್ದರು.

ಓಬಕ್ಕನ ತಮ್ಮ ಕ್ಯಾತಣ್ಣ ಚಳ್ಳಕೆರೆ ಹತ್ತಿರದ ಸರ್ಕಾರಿ ದನದ ಕಾವಲಿನಲ್ಲಿ ಕೆಲಸಕ್ಕಿದ್ದ. ಅಲ್ಲಿಗೆ ಬಂದಿದ್ದ ಒಬ್ಬ ಬಿಳಿ ದೊರೆಯ ಬೇಟೆನಾಯಿ ಸತ್ತುಹೋಗಿ, ಅದರ ಪಟ್ಟಿ ಕ್ಯಾತಣ್ಣನ ಕೈಗೆ ಬಂದಿತ್ತು. ಅದನ್ನು ಅಕ್ಕನಿಗೆಂದು ತಂದ. ದಪ್ಪ ಚರ್ಮ, ಎಣ್ಣೆ ಕುಡಿದು ಕಪ್ಪಗೆ ಮಿರುಗುತ್ತಿತ್ತು. ಸುತ್ತಲೂ ಹಿತ್ತಾಳೆಯ ಮೊನೆಗಳು, ಹಿತ್ತಾಳೆಯ ಬಕಲು, ಹಗ್ಗ ಸಿಕ್ಕಿಸಲು ಒಂದು ಉಂಗುರ. ಓಬಕ್ಕ ಅದನ್ನು ಹಿಂದೆ ಮುಂದೆ ತಿರುಗಿಸಿ, ಹೊಲಿಗೆ ಹಲ್ಲಿನಲ್ಲಿ ಕಚ್ಚಿ ನೋಡಿ, ಕೊನೆಗೆ ಸೋತಳು. ತನ್ನ ಮೊಳೆಪಟ್ಟಿಗಿಂತ ಇದು ಗಟ್ಟಿ ಎಂದು ಅವಳು ಬಾಯಿಬಿಟ್ಟು ಹೇಳಲಿಲ್ಲ, ಆದರೆ ಆ ಹೊತ್ತಿಗೇ ಬೂದನ ಕೊರಳಿಗೆ ಕಟ್ಟಿದಳು. ಅವನ ತಾಯಿಯ ಕೊರಳು ಅವಳಿಗೆ ಮರೆತಿರಲಿಲ್ಲ.

ನಾಯಿಗೆ ಚರ್ಮವೇ ಎಂದು ದೊಡ್ಡಪಾಲಯ್ಯ ಗೊಣಗಿದರು. ಮನುಷ್ಯರು ಮೆಟ್ಟು ಮೆಟ್ಟಿಕೊಂಡು ಗುಡ್ಡ ಹತ್ತುವುದಿಲ್ಲವೇ, ಇದೂ ಹಾಗೇ ಎಂದು ಓಬಕ್ಕ ವಾದಿಸಿದಳು. ಹಾಗಾದರೆ ಮೆಟ್ಟಿನ ಕಟ್ಟೇ ಇದಕ್ಕೂ, ರೊಪ್ಪದ ಬಾಯಲ್ಲಿ ಬಿಚ್ಚಬೇಕು ಎಂದು ಅವರು ತೀರ್ಮಾನ ಹೇಳಿದರು. ಹಗಲು ಗುಡ್ಡದಲ್ಲಿ ಚರ್ಮದ್ದು, ಸಂಜೆ ರೊಪ್ಪದೊಳಗೆ ಉಣ್ಣೆಯದು ಎಂದು ಓಬಕ್ಕ ಒಪ್ಪಿಕೊಂಡಳು.

ಒಪ್ಪಿಕೊಂಡ ಮೇಲೆ ಅದನ್ನು ನಾಯಿಗೂ ಒಪ್ಪಿಸಬೇಕಲ್ಲ. ಸಂಜೆ ಕುರಿ ಕೂಡಿದ ಕೂಡಲೆ ಬೂದ ಅವುಗಳ ಹಿಂದೆಯೇ ನುಗ್ಗುತ್ತಿದ್ದ. ಅವಳು ಬಾಯಲ್ಲೇ ನಿಂತು, ಅಂಗೈಯನ್ನು ಅವನ ಎದೆಗೆ ಕೊಟ್ಟು ಮೆಲ್ಲಗೆ ಹಿಂದಕ್ಕೆ ತಳ್ಳುತ್ತಿದ್ದಳು. ಮೋಟಿನ ಹತ್ತಿರ ಕೂರಿಸಿ, ಚರ್ಮದ ಪಟ್ಟಿ ಬಿಚ್ಚಿ ಮೋಟಿಗೆ ನೇತುಹಾಕಿ, ಉಣ್ಣೆಯದು ಕಟ್ಟಿ, "ಹೂಂ, ಹೋಗು" ಅನ್ನುತ್ತಿದ್ದಳು. ಹತ್ತು ದಿನ ತಳ್ಳಿದಳು. ಹನ್ನೊಂದನೆಯ ದಿನ ಅವನಾಗಿಯೇ ಮೋಟಿನ ಹತ್ತಿರ ಕೂತು ಕೊರಳು ಎತ್ತಿದ. ಆರು ತಿಂಗಳು ಹೀಗೇ ನಡೆಯಿತು. ಮೆಟ್ಟುಗಳ ಸಾಲಿನ ಪಕ್ಕ ಕೂತು ಕೊರಳು ಎತ್ತಿ ಕಾಯುವ ನಾಯಿಯನ್ನು ಕಂಡು ಹಟ್ಟಿಯ ಹೆಂಗಸರು ನಗುತ್ತಿದ್ದರು. ಓಬಕ್ಕನಿಗೆ ನಗುವಂಥದ್ದೇನೂ ಕಾಣುತ್ತಿರಲಿಲ್ಲ.

ಒಂದು ಸಂಜೆ ನಾಯಕನಹಟ್ಟಿ ಕಡೆಯಿಂದ ಇಬ್ಬರು ಒಂದು ನಾಯಿಮರಿ ಹೊತ್ತು ಬಂದಿದ್ದರು. ಕುರಿ ಕೂಡುವ ಹೊತ್ತು. ಬೂದ ಮೋಟಿನ ಬಳಿ ಹೋಗಿ ಕೂತ. ಓಬಕ್ಕ ಬಂದವರ ಮರಿಗೆ ಎದೆಪಟ್ಟಿಯ ಅಳತೆ ತೆಗೆಯುತ್ತಿದ್ದಳು. ಅಳತೆಯ ಜೊತೆ ಮಾತು, ಕತ್ತಾಳೆ ಹುರಿಯ ಹಳೆಯ ಕಥೆ, ವಾರಕ್ಕೊಮ್ಮೆ ಬಿಚ್ಚಿ ನೋಡುವ ಉಪದೇಶ. ಬಂದವರು ತಲೆದೂಗಿದಷ್ಟೂ ಮಾತು ಉದ್ದವಾಯಿತು. ಬೊಮ್ಮಣ್ಣ ರೊಪ್ಪದ ತಡಿಕೆಯನ್ನು ಅರ್ಧ ಎಳೆದು, ಉಳಿದರ್ಧ ನಾಯಿ ಒಳಗೆ ಹೋದ ಮೇಲೆ ಅವಳು ಮುಚ್ಚಿಕೊಳ್ಳುತ್ತಾಳೆಂದು ನೀರು ಕುಡಿಯಲು ಹೋದ.

ದೀಪ ಹಚ್ಚುವ ಹೊತ್ತಿಗೆ ರೊಪ್ಪದ ಹಿಂಭಾಗದ ಬೇಲಿ ಹಾರಿ ತೋಳ ಒಳಗೆ ಬಿತ್ತು. ಕುರಿಗಳು ಒಂದೇ ಮೂಲೆಗೆ ಒತ್ತರಿಸಿಕೊಂಡವು. ಕೂಗು ಕೇಳಿ ಇಡೀ ಹಟ್ಟಿ ಓಡಿ ಬಂದಾಗ ಎಲ್ಲರೂ ಕಂಡದ್ದು ಒಂದೇ. ಅರ್ಧ ತೆರೆದ ರೊಪ್ಪದ ಬಾಯಲ್ಲಿ ಬೂದ ನಿಂತಿದ್ದ. ಬೊಗಳಿ ಬೊಗಳಿ ಅವನ ಬಾಯಲ್ಲಿ ನೊರೆ ಬಂದಿತ್ತು, ಮುಂಗಾಲಿನಲ್ಲಿ ನೆಲ ಕೆದರಿ ಗುಂಡಿ ಮಾಡಿದ್ದ, ಆದರೆ ಒಳಗೆ ಒಂದು ಹೆಜ್ಜೆಯನ್ನೂ ಇಟ್ಟಿರಲಿಲ್ಲ. ದೊಡ್ಡಪಾಲಯ್ಯ ಅವನನ್ನು ದಾಟಿಕೊಂಡು, ಕೈಯಲ್ಲಿದ್ದ ದೊಣ್ಣೆ ಎತ್ತಿ ನುಗ್ಗಿದರು. ಅಷ್ಟರಲ್ಲಿ ತೋಳ ಒಂದು ಕುರಿಯ ಗಂಟಲು ಹರಿದು, ದೇವರಿಗೆ ಬಿಟ್ಟಿದ್ದ ಟಗರುಮರಿಯನ್ನು ಕಚ್ಚಿಕೊಂಡು ಬೇಲಿ ಹಾರಿ ಹೋಗಿತ್ತು. ಆ ಮರಿಯನ್ನು ಬಿಟ್ಟವರು ದೊಡ್ಡಪಾಲಯ್ಯನೇ.

ಆಮೇಲೆ ಎಲ್ಲರೂ ಗುಡಿಸಲುಗಳ ಮುಂದೆ ಸೇರಿದರು. ದೊಡ್ಡಪಾಲಯ್ಯ ಓಬಕ್ಕನ ಮುಖ ನೋಡದೆ ಹೇಳಿದರು:

"ತೋಳ ಒಳಗೈತೆ, ನಾಯಿ ಹೊರಗೆ ನಿಂತೈತೆ. ಇಂಥದ್ದನ್ನ ಏನಂತ ಸಾಕೋದಮ್ಮ?"

ತೋಳಕ್ಕೆ ಬೆನ್ನು ಕೊಟ್ಟ ನಾಯಿಯನ್ನು ಆ ಹಟ್ಟಿಯಲ್ಲಿ ಇಟ್ಟುಕೊಳ್ಳುತ್ತಿರಲಿಲ್ಲ. ಮಾರನೆಯ ದಿನ ಚಳ್ಳಕೆರೆ ಸಂತೆ. ಬೆಳಗಿನ ಬಂಡಿಯ ಹಿಂದೆ ಕಟ್ಟಿಕೊಂಡು ಹೋಗಿ ಸಂತೆಯಲ್ಲಿ ಬಿಟ್ಟು ಬರುವುದು ಎಂದು ತೀರ್ಮಾನವಾಯಿತು. ಬಂದಿದ್ದ ಇಬ್ಬರು ತಮ್ಮ ಮರಿ ಎತ್ತಿಕೊಂಡು, ಎದೆಪಟ್ಟಿ ಇನ್ನೊಮ್ಮೆ ಒಯ್ಯುತ್ತೇವೆಂದು ಹೇಳಿ ಹೊರಟರು. ಅವರು ಇನ್ನೊಮ್ಮೆ ಬರುವುದಿಲ್ಲ ಎಂದು ಓಬಕ್ಕನಿಗೆ ಗೊತ್ತಾಯಿತು. ಅದಕ್ಕೆ ಅವಳಿಗೆ ದುಃಖವಾಗಲಿಲ್ಲ. ಮಡಿಲಲ್ಲಿ ಬೆಳೆದವನು ಸಂತೆಯ ಕಾಲ್ತುಳಿತದಲ್ಲಿ ತನ್ನ ಮುಖ ಹುಡುಕುತ್ತಾ ನಿಲ್ಲುವುದು ಕಣ್ಣಿಗೆ ಕಟ್ಟಿ, ಅಡುಗೆಯ ಒಲೆ ಮುಂದೆ ಕೂತು ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ಬೊಮ್ಮಣ್ಣ ಆ ದಿನ ಯಾವ ಹಾಸ್ಯವನ್ನೂ ಮಾಡಲಿಲ್ಲ.

ಬೆಳಗ್ಗೆ ಎದ್ದು ಯಾವತ್ತಿನಂತೆ ರೊಪ್ಪ ಗುಡಿಸಲು ಹೋದಳು. ಆ ವಾರ ಗುಡಿಸುವ ಸರದಿ ಅವಳದು. ಬೆದರಿದ ಕುರಿಗಳು ಇನ್ನೂ ಮೂಲೆ ಬಿಟ್ಟಿರಲಿಲ್ಲ, ಉಳಿದ ಕಡೆ ಹಸಿ ಹಿಕ್ಕೆಯ ಮೇಲೆ ನಿನ್ನೆಯ ಹೆಜ್ಜೆಗಳು ಹಾಗೇ ಅಚ್ಚೊತ್ತಿದ್ದವು. ಗುಡಿಸುತ್ತಾ ಗುಡಿಸುತ್ತಾ ಅವಳ ಪೊರಕೆ ನಿಂತಿತು. ಬರಿಗಾಲಿನ ಗುರುತುಗಳ ನಡುವೆ ಮೆಟ್ಟಿನ ಗುರುತು. ಎಡಗಾಲಿನ ಹಿಮ್ಮಡಿಯಲ್ಲಿ ಎರಡು ಮೊಳೆ ಕಿತ್ತುಹೋದ ಆ ಮೆಟ್ಟು ಯಾರದೆಂದು ಹಟ್ಟಿಯ ಯಾವ ಮಗುವನ್ನು ಕೇಳಿದರೂ ಹೇಳುತ್ತಿತ್ತು. ದೊಡ್ಡಪಾಲಯ್ಯ ಗಾಬರಿಯಲ್ಲಿ ಮೆಟ್ಟು ಬಿಚ್ಚದೆ ನುಗ್ಗಿದ್ದರು. ಓಬಕ್ಕ ಬಾಗಿ, ಆ ಗುರುತುಗಳನ್ನು ಒಂದೂ ಬಿಡದೆ ಗುಡಿಸಿಹಾಕಿದಳು.

ಕಸದ ಬುಟ್ಟಿ ಹೊತ್ತು ಹೊರಗೆ ಬಂದವಳಿಗೆ ಮೋಟಿನ ಮೇಲೆ ಉಣ್ಣೆಯ ಪಟ್ಟಿ ಕಂಡಿತು. ಅದು ರಾತ್ರಿಯೆಲ್ಲ ಅಲ್ಲೇ ನೇತಾಡಿತ್ತು, ಮಂಜಿನಲ್ಲಿ ಒದ್ದೆಯಾಗಿತ್ತು. ಹಾಗಾದರೆ ಬೂದನ ಕೊರಳಲ್ಲಿ ಇರುವುದು ಯಾವುದು? ಬುಟ್ಟಿ ಅಲ್ಲೇ ಕೆಡವಿ ಗುಡಿಸಲ ಹಿಂದೆ ಓಡಿದಳು. ರಾತ್ರಿ ಕತ್ತಲಲ್ಲಿ ಬೊಮ್ಮಣ್ಣ ತಂದು ಕಟ್ಟಿಹಾಕಿದ್ದ ಬೂದ ಅವಳನ್ನು ಕಂಡು ಎದ್ದು, ಕೂತು, ಕೊರಳು ಎತ್ತಿದ. ದೊರೆಯ ಚರ್ಮದ ಪಟ್ಟಿ ಅವನ ಕೊರಳಲ್ಲೇ ಇತ್ತು.

ಬಿಚ್ಚುವುದನ್ನು ಅವಳು ಮರೆತಿದ್ದಳು. ಅವನು ಕಾದಿದ್ದ. ತೋಳ ಬಂದಾಗಲೂ ಕಾದಿದ್ದ.

ಬಂಡಿ ಕಟ್ಟಿ ಆಗಿತ್ತು. ಓಬಕ್ಕ ಬೂದನನ್ನು ಹಿಡಿದುಕೊಂಡು ರೊಪ್ಪದ ಬಾಯಿಗೆ ಬಂದಳು. ಕುರಿ ಹೊರಡಿಸಲು ಬಂದಿದ್ದ ದೊಡ್ಡಪಾಲಯ್ಯ ಮೆಟ್ಟು ಬಿಚ್ಚಲು ಬಾಗುತ್ತಿದ್ದರು. ನಾಲ್ಕಾರು ಜನ ಸೇರಿದರು. ತಾನು ಹೇಳುವುದು ನಿಜವೆಂದು ಅವಳಿಗೆ ತಾನೇ ಏನು ಖಾತರಿ? ಬರೀ ಊಹೆಯಾಗಿದ್ದರೆ ನಾಯಿಯೂ ಹೋಗುತ್ತದೆ, ಎಲ್ಲರೆದುರು ತನ್ನ ಮಾತೂ ಹೋಗುತ್ತದೆ. ಮೆಟ್ಟಿನ ಗುರುತಿನ ಮಾತೆತ್ತಿದರೆ ದೊಡ್ಡಪಾಲಯ್ಯನ ಬಾಯಿ ಆ ಕ್ಷಣವೇ ಮುಚ್ಚಿಸಬಹುದಿತ್ತು. ಅದು ಅವಳಿಗೆ ಹೊಳೆಯಲಿಲ್ಲ ಎಂದಲ್ಲ, ಹೊಳೆದರೂ ನಾಲಿಗೆಗೆ ಬರಲು ಬಿಡಲಿಲ್ಲ.

"ಮಾವ, ತಪ್ಪು ನಾಯಿದಲ್ಲ, ನಂದು," ಅಂದಳು. "ಮಾತಾಡ್ತಾ ಕೂತು ಪಟ್ಟಿ ಬಿಚ್ಚೋದ ಮರೆತೆ. ಕೊರಳಾಗೆ ಚರ್ಮ ಇತ್ತು, ಅದಕ್ಕೇ ಅವನು ಒಳಗೆ ಹೋಗಿಲ್ಲ."

ದೊಡ್ಡಪಾಲಯ್ಯ ನೆಟ್ಟಗಾಗಿ ಅವಳನ್ನು ನೋಡಿದರು. "ನಾಯಿಗೆ ಮೈಲಿಗೆ ಗೊತ್ತಾಗ್ತೈತೇನು ಓಬಕ್ಕ?"

"ಮೈಲಿಗೆ ಗೊತ್ತಿಲ್ಲ ಮಾವ. ನಾನು ಕಲಿಸಿದ್ದು ಗೊತ್ತೈತೆ. ನೀವೇ ನೋಡ್ರಿ."

ಅವಳು ಹಗ್ಗ ಬಿಚ್ಚಿ, ಚರ್ಮದ ಪಟ್ಟಿಯನ್ನು ಹಾಗೇ ಬಿಟ್ಟು, ರೊಪ್ಪದೊಳಗೆ ಹೋಗಿ ಕುರಿಗಳ ನಡುವೆ ಕೂತಳು. ಅಲ್ಲಿಂದ ಬೂದನನ್ನು ಕರೆದಳು. ಅವಳ ಒಂದು ಕರೆಗೆ ಗುಡ್ಡ ಇಳಿದು ಬರುತ್ತಿದ್ದವನು ಬಾಯಿಯವರೆಗೆ ಓಡಿ ಬಂದು ಗಕ್ಕನೆ ನಿಂತ. ಮತ್ತೆ ಕರೆದಳು. ಬಾಲ ಅಲ್ಲಾಡಿಸಿದ, ಕುಂಯ್‌ಗುಟ್ಟಿದ, ಮುಂಗಾಲು ಎತ್ತಿದ, ಎತ್ತಿದ ಕಾಲನ್ನು ಮತ್ತೆ ಹೊರಗೇ ಇಟ್ಟ. ಯಾರೋ ಮೋಸವಿರಬಹುದೆಂದು ಒಂದು ಕುರಿಮರಿಯ ಕಿವಿ ಹಿಂಡಿದರು. ಮರಿ ಅರಚಿತು. ಬೂದನ ಮೈಯೆಲ್ಲ ನಡುಗಿತು, ಬೊಗಳುತ್ತಾ ಆಚೆ ಈಚೆ ಓಡಾಡಿದ, ಕೆದರಿದ, ಆದರೆ ಗೆರೆ ದಾಟಲಿಲ್ಲ. ಕೊನೆಗೆ ಮೋಟಿನ ಬಳಿ ಹೋಗಿ, ಮೆಟ್ಟುಗಳ ಪಕ್ಕ ಕೂತು, ಯಾರಾದರೂ ಬಿಚ್ಚಲಿ ಎಂದು ಕೊರಳು ಎತ್ತಿ ಅಲ್ಲಿದ್ದವರನ್ನು ಒಬ್ಬೊಬ್ಬರಾಗಿ ನೋಡಿದ.

ಒಳಗೆ ಕೂತ ಓಬಕ್ಕನಿಗೆ ಕಣ್ಣು ಮಂಜಾಗಿ ಏನೂ ಕಾಣುತ್ತಿರಲಿಲ್ಲ. ದೊಡ್ಡಪಾಲಯ್ಯ ಮೊಣಕಾಲೂರಿ ಕೂತು, ಅಭ್ಯಾಸವಿಲ್ಲದ ಬೆರಳುಗಳಿಂದ ಆ ಬಕಲನ್ನು ತಡಕಾಡಿ ಬಿಚ್ಚಿ, ಉಣ್ಣೆಯ ಪಟ್ಟಿಯನ್ನು ಕಟ್ಟಿದರು. ಬಿಗಿಯಾಯಿತೋ ಏನೋ ಎಂದು ಎರಡು ಬೆರಳು ತೂರಿಸಿಯೂ ನೋಡಿದರು. ಬೂದ ಅವರ ಕೈ ಕೆಳಗಿನಿಂದ ನುಸುಳಿ ಒಂದೇ ನೆಗೆತಕ್ಕೆ ಒಳಗೆ ಬಂದು ಓಬಕ್ಕನ ಮಡಿಲಿಗೆ ತಲೆ ತುರುಕಿದ.

ದೊಡ್ಡಪಾಲಯ್ಯ ಕೂತಲ್ಲೇ ತಮ್ಮ ಕಾಲಿನ ಮೆಟ್ಟು ನೋಡಿಕೊಂಡರು. ಆಮೇಲೆ ಎಲ್ಲರಿಗೂ ಕೇಳುವ ಹಾಗೆಯೇ ಹೇಳಿದರು:

"ನಿನ್ನೆ ಸಂಜೆ ನನ್ನ ಕಾಲಾಗೆ ಮೆಟ್ಟು ಇದ್ವು. ಹಂಗೇ ನುಗ್ಗಿಬಿಟ್ಟೆ. ಕಟ್ಟು ಮಾಡಿದೋನು ನಾನು, ಕಟ್ಟು ಉಳಿಸಿದ್ದು ಅದು." ಓಬಕ್ಕನ ಕಡೆ ತಿರುಗಿದರು. "ಬೆಳಗ್ಗೆ ರೊಪ್ಪ ಗುಡಿಸಿದೋಳು ನೀನು. ಗುರುತು ಕಂಡಿರಬೇಕಲ್ಲಮ್ಮ?"

"ಹಿಕ್ಕೆ ಗುಡಿಸಿದೆ ಮಾವ," ಅಂದಳು ಓಬಕ್ಕ. "ಬೇರೇನೂ ಕಾಣ್ಲಿಲ್ಲ."

ಅವರು ಮೆಟ್ಟು ಬಿಚ್ಚಿ ಮೋಟಿನ ಬುಡದಲ್ಲಿ ಇಟ್ಟರು. ಬಂಡಿಯ ಎತ್ತು ಬಿಚ್ಚು ಎಂದು ಬೊಮ್ಮಣ್ಣನಿಗೆ ಹೇಳಿದರು. ಗಂಜಲ ತಂದು ಇಡೀ ರೊಪ್ಪಕ್ಕೆ ತಾವೇ ಚಿಮುಕಿಸಿದರು, ಸಹಾಯಕ್ಕೆ ಬಂದವರನ್ನು ಗದರಿ ಕಳಿಸಿದರು. ಸಂಜೆ ತಮ್ಮ ಮನೆಯಿಂದ ಒಂದು ರಾಗಿ ಮುದ್ದೆ ತಂದು ಬೂದನ ಮುಂದಿಟ್ಟರು. ಮುದ್ದೆಯ ಒಳಗೆ ತುಪ್ಪವಿತ್ತು.

ಆ ದಿನದ ನಂತರ ಓಬಕ್ಕ ಚರ್ಮದ ಪಟ್ಟಿಯನ್ನು ಬೂದನಿಗೆ ಕಟ್ಟಲಿಲ್ಲ. ಹಗಲಿಗೂ ರೊಪ್ಪಕ್ಕೂ ಒಂದೇ ಆಗುವಂತೆ ಮೇಕೆ ಕೂದಲಿನ ಎರಡು ಪದರದ ಮೊಳೆಪಟ್ಟಿ ಹೆಣೆದು, ದೊರೆಯ ಪಟ್ಟಿಯ ಹಿತ್ತಾಳೆ ಮೊನೆಗಳನ್ನೆಲ್ಲ ಕಿತ್ತು ಅದಕ್ಕೆ ತೂರಿಸಿದಳು. ಅದನ್ನು ಕಟ್ಟಿಕೊಂಡೇ ಬೂದ ಎರಡು ವರ್ಷದಲ್ಲಿ ಮೂರು ತೋಳಗಳನ್ನು ಅದೇ ರೊಪ್ಪದಿಂದ ಅಟ್ಟಿದ. ಪಟ್ಟಿ ಕೇಳಲು ಬರುವವರಿಗೆ ಓಬಕ್ಕನ ಉಪದೇಶ ತಪ್ಪಲಿಲ್ಲ. ಆದರೆ ಸಂಜೆಯ ಹೊತ್ತು ಬಂದರೆ ಮಾತ್ರ, ಮೊದಲು ಅವನನ್ನು ಒಳಗೆ ಕಳಿಸಿ ಬರುತ್ತೇನೆ, ಕೂತಿರಿ ಎಂದು ಎದ್ದು ಹೋಗುತ್ತಿದ್ದಳು.

ಬಿಚ್ಚುವುದಕ್ಕೆ ಚರ್ಮವೇ ಇರಲಿಲ್ಲ, ಹಾಗೇ ಒಳಗೆ ಹೋಗಬಹುದಿತ್ತು. ಬೂದ ಹೋಗುತ್ತಿರಲಿಲ್ಲ. ಮುದಿಯಾಗಿ, ಹಲ್ಲು ಉದುರಿ, ಕಣ್ಣು ಮಬ್ಬಾದ ಮೇಲೂ ಸಂಜೆಯಾದರೆ ಮೋಟಿನ ಪಕ್ಕ ಕೂತು ಕೊರಳು ಎತ್ತುತ್ತಿದ್ದ. ಓಬಕ್ಕ ಬಂದು, ಪಟ್ಟಿಯ ಕೆಳಗೆ ಎರಡು ಬೆರಳು ತೂರಿಸಿ, ಏನನ್ನೋ ಬಿಚ್ಚಿದವಳಂತೆ ಕೈ ತೆಗೆದು, "ಹೂಂ, ಹೋಗು" ಅನ್ನುತ್ತಿದ್ದಳು. ಆಗ ಎದ್ದು ಹೋಗುತ್ತಿದ್ದ. ಅವನ ಹಿಂದೆ, ಅವನಿಗಿಂತ ಮುದುಕರಾಗಿದ್ದ ದೊಡ್ಡಪಾಲಯ್ಯ ಮೋಟಿಗೆ ಕೈ ಊರಿ ಮೆಟ್ಟು ಬಿಚ್ಚುತ್ತಿದ್ದರು.